ಮನೆಯಿಂದ ಕೆಲಸ ಮಾಡಿಸುವ ಕಂಪನಿಗಳಿಗೆ ಶಿರಸಿಯಿಂದ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಳಿತು ಕೆಲಸ ಮಾಡುವ ನೌಕರರಿರುವ ಎಲ್ಲ ಕಂಪನಿಗಳ ಆಡಳಿತ ಮಂಡಳಿಯವರಿಗೆ ಹಾಗೂ ಮಾಹಿತಿ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗಳಿಗೆ

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಮನೆಗಳಿಗೆ ಇಂಟರ್ನೆಟ್ ಜೋಡಿಸಿಕೊಡುವುದು ಮತ್ತು ಕೆಟ್ಟ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಲ್ಯಾಪ್‌ಟಾಪ್ ಚೀಲದೊಂದಿಗೆ ಊರಿಗೆ ಬಂದ ನಿಮ್ಮ ನೌಕರರಲ್ಲಿ ಹಲವರು ಬೆಂಗಳೂರಿಗೆ ಮರಳಿದ್ದಾರೆ. ಆದರೆ ತೋಟ ನೋಡಿಕೊಳ್ಳುವವರಿಲ್ಲವೆಂದೋ, ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟಿರಲಾಗದೆಂದೋ ಇಲ್ಲಿಯೇ ಉಳಿದವರೂ, ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹತ್ತಿ ಹೋಗಿ ಕಚೇರಿಯ ಹಾಜರಿಯನ್ನು ಒಟ್ಟಿಗೆ ತೀರಿಸಿ ಬರುವವರೂ ಕಡಿಮೆಯೇನಿಲ್ಲ. ನೀವು ಕಳಿಸುವ ಸುರಕ್ಷತಾ ನಿಯಮಾವಳಿಯನ್ನು ಅವರು ನನ್ನ ಮುಂದೆ ಹಿಡಿದು, "ಇದನ್ನೆಲ್ಲ ನಮ್ಮನೆಯಲ್ಲಿ ಹೇಗೆ ಮಾಡುವುದು ಮಾರಾಯ?" ಎಂದು ಕೇಳುತ್ತಾರೆ. ಆ ಪ್ರಶ್ನೆ ನಿಮ್ಮವರೆಗೆ ತಲುಪಿದಂತೆ ಕಾಣದ ಕಾರಣ ಈ ಪತ್ರ.

ನಿಮ್ಮ ನಿಯಮಗಳು ತಪ್ಪೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಬಹುಪಾಲು ಬೇಕಾದವೇ. ಆದರೆ ಅವನ್ನು ಬರೆದವರ ಕಣ್ಣ ಮುಂದಿದ್ದದ್ದು ಕರೆಂಟು ಹೋಗದ, ನೆಟ್‌ವರ್ಕ್ ಕಡಿಯದ, ಬಾಗಿಲು ಹಾಕಿಕೊಂಡು ಕೂರಲು ಪ್ರತ್ಯೇಕ ಕೋಣೆಯಿರುವ ಮನೆ. ಪಾಲಿಸಲಾಗದ ನಿಯಮ ಎದುರಾದಾಗ ಪ್ರಾಮಾಣಿಕ ನೌಕರನೂ ಒಂದು ಬಳಸುದಾರಿ ಹುಡುಕಿಕೊಳ್ಳುತ್ತಾನೆ, ಏಕೆಂದರೆ ಸಂಜೆಯೊಳಗೆ ಕೆಲಸ ಮುಗಿಸಿಕೊಡಬೇಕೆಂಬ ಒತ್ತಾಯವೂ ನಿಮ್ಮದೇ. ನಿಮ್ಮ ಗ್ರಾಹಕರ ಮಾಹಿತಿ ಸೋರುತ್ತಿರುವುದು ಆ ಬಳಸುದಾರಿಯಲ್ಲಿ, ಮತ್ತು ಅದನ್ನು ದಿನವೂ ಕಣ್ಣಾರೆ ಕಾಣುವವನು ನಾನು.

ಮೊದಲು ಮನೆಯನ್ನೇ ನೋಡೋಣ. ಬೇರೆಯವರಿಗೆ ಪರದೆ ಕಾಣದಂತೆ ಪ್ರತ್ಯೇಕ ಕೋಣೆಯಲ್ಲಿ ಕುಳಿತು ಕೆಲಸ ಮಾಡತಕ್ಕದ್ದು ಎಂಬ ಸಾಲು ಎಲ್ಲ ನಿಯಮಾವಳಿಗಳಲ್ಲೂ ಇದೆ. ನಮ್ಮ ಹಳೆಯ ಮನೆಗಳ ಗೋಡೆಗಳು ಒಂದೂವರೆ ಅಡಿ ದಪ್ಪದ ಮಣ್ಣಿನವೋ ಚಿರೆಕಲ್ಲಿನವೋ ಆಗಿರುತ್ತವೆ. ಫೈಬರ್ ತಂತಿ ಬಂದು ನಿಲ್ಲುವುದು ಜಗಲಿಯಲ್ಲಿ, ರೂಟರ್ ಕೂರುವುದೂ ಅಲ್ಲಿಯೇ, ಹೀಗಾಗಿ ವೈಫೈ ಚೆನ್ನಾಗಿ ಸಿಗುವ ಜಾಗವೂ ಅದೊಂದೇ. ಜಗಲಿಯೆಂದರೆ ತೋಟದ ಕೆಲಸದವರು, ಅಂಚೆಯವರು, ಸೊಸೈಟಿಯ ಲೆಕ್ಕ ಕೇಳಲು ಬಂದ ನೆರೆಯವರು, ಹೇಳದೆ ಕೇಳದೆ ಬರುವ ನೆಂಟರು ಎಲ್ಲರೂ ಬಂದು ಕೂರುವ ಜಾಗ. ಕೊನೆಕೊಯ್ಲಿನ ತಿಂಗಳುಗಳಲ್ಲಂತೂ ಅಡಿಕೆ ಸುಲಿಯುವವರ ಮಾತಿನ ನಡುವೆಯೇ ನಿಮ್ಮ ವಿಡಿಯೊ ಮೀಟಿಂಗುಗಳು ನಡೆಯುತ್ತವೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಶಿರಸಿ ಪೇಟೆಯ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಗಲಿಯಿಂದ ಒಳಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲಿ ವೈಫೈ ಹರಡುವ ಇನ್ನೊಂದು ಪೆಟ್ಟಿಗೆ (ಆಕ್ಸೆಸ್ ಪಾಯಿಂಟ್) ಕೂರಿಸಿದರೆ ಈ ತೊಂದರೆಯ ದೊಡ್ಡ ಪಾಲು ತೀರುತ್ತದೆ. ಖರ್ಚು ಕೆಲವು ಸಾವಿರ ರೂಪಾಯಿ. ಬೆನ್ನುನೋವು ಬಾರದ ಕುರ್ಚಿಗೆ ಹಣ ಕೊಡುವ ಕಂಪನಿಗಳು ಈ ಕೇಬಲ್ಲಿಗೆ ಕೊಟ್ಟದ್ದನ್ನು ನಾನಿನ್ನೂ ನೋಡಬೇಕಾಗಿದೆ.

ಅದೇ ಜಾಲದಲ್ಲಿ ಇನ್ನೇನೇನು ಇದೆಯೆಂಬುದನ್ನೂ ನೀವು ತಿಳಿದಿರಬೇಕು. ಅಡಿಕೆಗೆ ಬೆಲೆ ಬಂದಂತೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಳುವಾಗುವ ಭಯವೂ ಬಂದಿದ್ದು, ಅನೇಕ ಮನೆಗಳಲ್ಲಿ ಈಗ ಸಿಸಿಟಿವಿ ಕ್ಯಾಮೆರಾ ಇದೆ. ಕಡಿಮೆ ಬೆಲೆಯ ಆ ಕ್ಯಾಮೆರಾಗಳ ಪಾಸ್‌ವರ್ಡ್ ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೆಯೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಾಯಿಸದ ಪಾಸ್‌ವರ್ಡ್‌ಗಳ ಬಲದಿಂದಲೇ. ಅಂಥ ಕ್ಯಾಮೆರಾ ಮತ್ತು ನಿಮ್ಮ ಲ್ಯಾಪ್‌ಟಾಪ್ ಒಂದೇ ವೈಫೈಯಲ್ಲಿವೆ. ಒಂದು ಮನೆಯಲ್ಲಿ ಕ್ಯಾಮೆರಾದ ದೃಶ್ಯವನ್ನು ಮೊಬೈಲಿನಲ್ಲಿ ತೆರೆದು ಪರೀಕ್ಷಿಸುವಾಗ ಅಂಗಳದ ಜೊತೆಗೆ ಜಗಲಿಯ ಮೇಜು, ಅದರ ಮೇಲಿನ ಲ್ಯಾಪ್‌ಟಾಪ್, ಅದರಲ್ಲಿ ಯಾವುದೋ ಬ್ಯಾಂಕಿನ ಗ್ರಾಹಕರ ಪಟ್ಟಿ ಎಲ್ಲವೂ ನಿಚ್ಚಳವಾಗಿ ಕಂಡವು. ಕ್ಯಾಮೆರಾವನ್ನು ಆಚೆ ತಿರುಗಿಸಲು ಐದು ನಿಮಿಷ ಸಾಕಾಯಿತು. ಅದು ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಹಾಗೆಯೇ ಇತ್ತು. ಈಗಿನ ಬಹುತೇಕ ರೂಟರ್‌ಗಳಲ್ಲಿ ಎರಡನೆಯ ವೈಫೈ ಹೆಸರು ತೆರೆಯಲು ಅವಕಾಶವಿದೆ. ಕಚೇರಿಯ ಯಂತ್ರಕ್ಕೆ ಒಂದು, ಕ್ಯಾಮೆರಾ, ಟಿವಿ, ಮಕ್ಕಳ ಮೊಬೈಲಿಗೆ ಇನ್ನೊಂದು ಎಂದು ಬೇರ್ಪಡಿಸಿ, ರೂಟರಿನ ಆಡಳಿತ ಪಾಸ್‌ವರ್ಡ್ ಬದಲಿಸಿ, ಗುಂಡಿ ಒತ್ತಿದರೆ ಜೋಡಣೆಯಾಗುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಮುಚ್ಚಿಬಿಟ್ಟರೆ ಸಾಮಾನ್ಯ ಅಪಾಯಗಳು ಬಹಳ ಮಟ್ಟಿಗೆ ತಗ್ಗುತ್ತವೆ. ಇದನ್ನು ಇಂಗ್ಲಿಷಿನ ನಲವತ್ತು ಪುಟಗಳ ಕಡತದಲ್ಲಿ ಹುದುಗಿಸುವ ಬದಲು ಒಂದು ಪುಟ ಕನ್ನಡದಲ್ಲಿ ಬರೆದು ಕಳಿಸಿ. ರೂಟರಿಗೆ ಕೈ ಹಾಕುವುದು ಬಹಳ ಮನೆಗಳಲ್ಲಿ ನಿಮ್ಮ ನೌಕರರಲ್ಲ, ಅವರ ತಮ್ಮನೋ ಅಪ್ಪನೋ.

ಇನ್ನು ವಿಪಿಎನ್, ಅಂದರೆ ಮನೆಯ ಯಂತ್ರವನ್ನು ಇಂಟರ್ನೆಟ್ ಮೂಲಕ ಕಚೇರಿಯ ಜಾಲಕ್ಕೆ ಗುಪ್ತವಾಗಿ ಜೋಡಿಸುವ ವ್ಯವಸ್ಥೆಯ ವಿಚಾರ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಹೆಸ್ಕಾಂ ಸಿಬ್ಬಂದಿ ಬರುವವರೆಗೆ ಕರೆಂಟಿಲ್ಲ. ಗುಡುಗು ಶುರುವಾದರೆ ಮನೆಯ ಹಿರಿಯರು ಮೊದಲು ಮಾಡುವ ಕೆಲಸ ಎಲ್ಲ ಪ್ಲಗ್‌ಗಳನ್ನು ಕೀಳುವುದು, ಅದು ಸರಿಯೂ ಹೌದು. ಆಗ ಸಂಪರ್ಕ ಫೈಬರಿನಿಂದ ಮೊಬೈಲಿಗೆ, ಮೊಬೈಲಿನಿಂದ ಮತ್ತೆ ಫೈಬರಿಗೆ ದಿನಕ್ಕೆ ಹಲವು ಸಲ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಕಡಿದು ಬೀಳುವ, ಪ್ರತಿ ಸಲವೂ ಮೊದಲಿಂದ ಲಾಗಿನ್ ಕೇಳುವ ವಿಪಿಎನ್ ಕೊಟ್ಟರೆ ನೌಕರ ಅದನ್ನು ಆದಷ್ಟು ದೂರವಿಡಲು ನೋಡುತ್ತಾನೆ. ಜಾಲ ಬದಲಾದರೂ ಸಂಪರ್ಕ ಕಡಿಯದ ವಿಪಿಎನ್ ವ್ಯವಸ್ಥೆಗಳು ಇವೆ: ಐಕೆಇವಿ2 ಎಂಬ ವಿಪಿಎನ್ ವಿಧಾನದ ಜೊತೆಗೆ ಬರುವ ಮೊಬೈಕ್ ವಿಸ್ತರಣೆ ಇರುವುದೇ ಈ ಉದ್ದೇಶಕ್ಕೆ, ವೈರ್‌ಗಾರ್ಡ್ ಎಂಬ ಇನ್ನೊಂದು ವಿಧಾನ ಕೂಡ ಯಂತ್ರದ ಜಾಲ ವಿಳಾಸ ಬದಲಾದರೆ ಸದ್ದಿಲ್ಲದೆ ಮುಂದುವರಿಯುತ್ತದೆ. ನಿಮ್ಮ ತಂತ್ರಜ್ಞರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆಯ್ಕೆ ಮಾಡುವಾಗ ಜೋಯಿಡಾದ ಕಾಡಿನಂಚಿನ ಮನೆಯೊಂದು ಅವರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೆ.

ಒಟಿಪಿಯದೂ ಅದೇ ಕಥೆ. ಇಲ್ಲಿ ಫೈಬರ್ ಇರುವ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂರುತ್ತಿದ್ದದ್ದನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಲಾಗಿನ್ ಆಗಲು ಎಸ್ಸೆಮ್ಮೆಸ್‌ನಲ್ಲಿ ಬರುವ ಸಂಖ್ಯೆ ಬೇಕೆಂದರೆ, ನೌಕರ ತನ್ನ ಸಿಮ್ ಇರುವ ಫೋನನ್ನು ಸಿಗ್ನಲ್ ಸಿಗುವ ಬೇಲಿಯ ಬಳಿಯೋ ಪಕ್ಕದ ಮನೆಯ ಮಾಳಿಗೆಯಲ್ಲೋ ಇಟ್ಟು, ಅಲ್ಲಿರುವವರಿಂದ ಆ ಸಂಖ್ಯೆಯನ್ನು ಕೂಗಿ ಹೇಳಿಸಿಕೊಳ್ಳುತ್ತಾನೆ. ಗುಟ್ಟಾಗಿರಬೇಕಾದ ಸಂಖ್ಯೆ ಇಡೀ ಕೇರಿಗೆ ಕೇಳುತ್ತದೆ. ಅಥೆಂಟಿಕೇಟರ್ ಆ್ಯಪ್ ಬಳಸಿದರೆ ಈ ಪಾಡಿಲ್ಲ. ಅದು ಫೋನಿನ ಗಡಿಯಾರ ಮತ್ತು ಮೊದಲೇ ಹಂಚಿಕೊಂಡ ಗುಪ್ತ ಕೀಲಿ ಎರಡನ್ನೇ ಆಧರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಸಂಖ್ಯೆ ತಯಾರಿಸುವುದರಿಂದ ಸಿಗ್ನಲ್ಲಿನ ಹಂಗೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಭದ್ರತಾ ಕೀಲಿ ಇನ್ನೂ ಒಳ್ಳೆಯದು. ಅದು ಜಾಲತಾಣದ ನಿಜವಾದ ವಿಳಾಸ ತಾಳೆಯಾಗದಿದ್ದರೆ ಉತ್ತರವನ್ನೇ ಕೊಡದ ಕಾರಣ ನಕಲಿ ಲಾಗಿನ್ ಪುಟಗಳ ಆಟ ಅದರ ಮುಂದೆ ನಡೆಯುವುದಿಲ್ಲ.

ಬಳಸುದಾರಿ ಎಂದೆನಲ್ಲ, ಅದು ಹೇಗೆ ಹುಟ್ಟುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವಿಮಾ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳ ಮನೆಗೆ ರೂಟರ್ ಸರಿಮಾಡಲು ಹೋಗಿದ್ದೆ. ವಿಪಿಎನ್ ಬಿದ್ದಿತ್ತು, ಸಂಜೆಯ ಗಡುವು ಹತ್ತಿರವಾಗಿತ್ತು. ಫೋನಿನಲ್ಲಿ ಆಕೆಯ ಮೇಲಧಿಕಾರಿಯೇ, "ಸದ್ಯಕ್ಕೆ ಸ್ಕ್ರೀನಿನ ಫೋಟೊ ತೆಗೆದು ವಾಟ್ಸಾಪ್ ಮಾಡಮ್ಮ" ಎಂದರು. ಆಕೆ ತೆಗೆದಳು. ಆಸ್ಪತ್ರೆಯ ಬಿಲ್ಲು, ರೋಗಿಯ ಹೆಸರು, ಕಾಯಿಲೆ, ಖಾತೆ ಸಂಖ್ಯೆ ಇದ್ದ ಆ ಚಿತ್ರಗಳು ಫೋನಿನ ಗ್ಯಾಲರಿಗೆ ಸೇರಿದವು, ಅಲ್ಲಿಂದ ತಾನಾಗಿಯೇ ಆಕೆಯ ಖಾಸಗಿ ಕ್ಲೌಡ್ ಖಾತೆಗೆ ಹೋದವು; ರಾತ್ರಿ ಮಗು ಆಟವಾಡುವುದೂ ಅದೇ ಫೋನಿನಲ್ಲಿ. ಕಂಪನಿಯ ಯಾವ ದಾಖಲೆಯಲ್ಲೂ ಇದು ನಮೂದಾಗಿರಲಾರದು. ವಾಟ್ಸಾಪ್ ನಿಷಿದ್ಧ ಎಂದು ಇನ್ನೊಂದು ಸುತ್ತೋಲೆ ಹೊರಡಿಸಿದರೆ ಆಕೆಗಾಗಲಿ ಆ ಅಧಿಕಾರಿಗಾಗಲಿ ಗಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ. ವಿಪಿಎನ್ ಬಿದ್ದಾಗ ಬಳಸಲು ಕಂಪನಿಯದೇ ಆದ, ಮೊಬೈಲ್ ಡೇಟಾದಲ್ಲೂ ನಡೆಯುವ, ಲಾಗಿನ್ ಮತ್ತು ದಾಖಲೆ ಇರುವ ಒಂದು ಹಗುರ ಮಾರ್ಗವಿರಬೇಕು. ಅದೂ ಇಲ್ಲದಿದ್ದರೆ ಗಡುವನ್ನು ಮುಂದೂಡುವ ಅಧಿಕಾರ ಆ ಮೇಲಧಿಕಾರಿಗೆ ಇರಬೇಕು.

ನನ್ನ ಅಂಗಡಿಯ ಮೇಜಿನ ಮೇಲೆ ಕಾಣುವುದು ಇನ್ನೂ ಗಂಭೀರ. ಸಿಡಿಲಿಗೆ ಚಾರ್ಜರ್ ಸುಟ್ಟದ್ದು, ಮಾಡು ಸೋರಿ ಕೀಬೋರ್ಡಿಗೆ ನೀರು ಇಳಿದದ್ದು, ಒಳಗೆ ಇರುವೆ ಗೂಡು ಕಟ್ಟಿದ್ದು, ಹೀಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಪನಿಗಳ ಮುದ್ರೆಯಿರುವ ಲ್ಯಾಪ್‌ಟಾಪ್‌ಗಳು ಬರುತ್ತಲೇ ಇರುತ್ತವೆ. ಬೆಂಗಳೂರಿನ ಹೆಲ್ಪ್‌ಡೆಸ್ಕಿನವರು, "ಅಲ್ಲೇ ಹತ್ತಿರದಲ್ಲಿ ಮಾಡಿಸಿ ಬಿಲ್ ಕಳಿಸಿ" ಎಂದಿರುತ್ತಾರೆ. ರಿಪೇರಿಯವನಿಗೆ ಬೇಕಾಗಬಹುದೆಂದು ಪಾಸ್‌ವರ್ಡ್ ಬರೆದ ಚೀಟಿಯನ್ನು ಸೆಲ್ಲೋಟೇಪಿನಲ್ಲಿ ಮುಚ್ಚಳಕ್ಕೆ ಅಂಟಿಸಿಯೇ ತಂದಿರುತ್ತಾರೆ. ನಾನು ಮೊದಲು ಆ ಚೀಟಿ ಕಿತ್ತು ಅವರ ಕೈಗೇ ಕೊಡುತ್ತೇನೆ, ಡಿಸ್ಕ್ ಬಿಚ್ಚಬೇಕಾದ ಕೆಲಸವಾದರೆ ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತರಿಸಿ ಎನ್ನುತ್ತೇನೆ. ಹಾಗೆ ಹೇಳಿ ಗಿರಾಕಿ ಕಳೆದುಕೊಂಡದ್ದೂ ಉಂಟು. ಮುಂದಿನ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಗ್ರಾಹಕರ ಮಾಹಿತಿಯ ಸುರಕ್ಷತೆ ನನ್ನಂಥ ಒಬ್ಬ ಅಂಗಡಿಯವನ ಸಂಕೋಚದ ಮೇಲೆ ನಿಲ್ಲಬಾರದಷ್ಟೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಎಂಬ ಸೌಲಭ್ಯಗಳು ಇಡೀ ಡಿಸ್ಕನ್ನು ಗೂಢಲಿಪೀಕರಿಸುತ್ತವೆ. ಅದು ಚಾಲೂ ಇದ್ದು, ಮರುಪಡೆಯುವ ಕೀಲಿ ಕಂಪನಿಯ ಬಳಿಯಷ್ಟೇ ಇದ್ದರೆ, ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಹಾಕಿದವನಿಗೆ ಸಿಗುವುದು ಓದಲಾಗದ ರಾಶಿ ಮಾತ್ರ. ರಾತ್ರಿ ಬಸ್ಸಿನಲ್ಲಿ ಚೀಲ ಕಳೆದುಹೋದಾಗಲೂ ಕಾಯುವುದು ಅದೇ. ಆದರೂ ಆ ಬೀಗ ಹಾಕದ ಯಂತ್ರಗಳು ಇವತ್ತಿಗೂ ನನ್ನ ಮೇಜಿಗೆ ಬರುತ್ತಿವೆ.

ಸ್ವಂತ ಕಂಪ್ಯೂಟರಿನಲ್ಲೇ ಕೆಲಸ ಮಾಡಿ ಎನ್ನುವ ಕಂಪನಿಗಳಿಗೆ ಲಾಸ್ಟ್‌ಪಾಸ್ ಪ್ರಕರಣವನ್ನು ನೆನಪಿಸಬೇಕು. ಜನರ ಪಾಸ್‌ವರ್ಡ್‌ಗಳನ್ನು ಕಾಪಾಡುವುದನ್ನೇ ವ್ಯಾಪಾರ ಮಾಡಿಕೊಂಡ ಆ ಕಂಪನಿಯೊಳಗೆ 2022ರಲ್ಲಿ ದಾಳಿಕೋರರು ನುಗ್ಗಿದ ದಾರಿಗಳಲ್ಲೊಂದು ಹಿರಿಯ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರ್. ಅದರಲ್ಲಿದ್ದ ಸಿನಿಮಾ, ವಿಡಿಯೊ ನೋಡುವ ಹಳೆಯ ತಂತ್ರಾಂಶವೊಂದರ ದೋಷ ಬಳಸಿ, ಒತ್ತಿದ ಪ್ರತಿ ಕೀಲಿಯನ್ನೂ ದಾಖಲಿಸುವ ತಂತ್ರಾಂಶವನ್ನು ಅವರು ಒಳಗಿಟ್ಟರು. ಅಷ್ಟು ಬಲ್ಲವರ ಮನೆಯಲ್ಲೇ ಹೀಗಾದರೆ, ಅಣ್ಣ ತಂಗಿ ಇಬ್ಬರೂ ಹಂಚಿಕೊಳ್ಳುವ, ಕಾಲೇಜಿನ ಪ್ರಾಜೆಕ್ಟಿನಿಂದ ಯಕ್ಷಗಾನದ ವಿಡಿಯೊವರೆಗೆ ಎಲ್ಲವೂ ಇಳಿದಿರುವ ಕಂಪ್ಯೂಟರಿನಲ್ಲಿ ನಿಮ್ಮ ಕಡತ ತೆರೆಸುವುದು ಉಳಿತಾಯವೇ ಎಂದು ಯೋಚಿಸಿ. ಅಪ್‌ಡೇಟ್ ಬಗ್ಗೆಯೂ ಒಂದು ಮಾತು: ಮಧ್ಯಾಹ್ನದ ಹೊತ್ತು, ಮೊಬೈಲ್ ಡೇಟಾದ ಮೇಲೆ, ಗಿಗಾಬೈಟುಗಟ್ಟಲೆ ಇಳಿಸಲು ಹೊರಟರೆ ನೌಕರ ಅದನ್ನು ನಿಲ್ಲಿಸದೆ ಬೇರೆ ದಾರಿಯಿಲ್ಲ. ಬೆಳಗಿನ ಜಾವ ಫೈಬರ್ ಇದ್ದಾಗ ತುಂಡುತುಂಡಾಗಿ ಇಳಿಯುವಂತೆ ಹೊಂದಿಸುವುದು ನಿಮ್ಮ ಕಡೆಯ ಕೆಲಸ.

ಫೋನ್ ಕರೆಗಳ ವಿಷಯದಲ್ಲಿ ದೂರದಲ್ಲಿರುವ ನೌಕರ ನಿಜಕ್ಕೂ ಒಂಟಿ. ಕಚೇರಿಯಲ್ಲಾದರೆ ಪಕ್ಕದ ಮೇಜಿನವರನ್ನು, "ಐಟಿಯವರು ಫೋನ್ ಮಾಡಿದ್ದರಾ?" ಎಂದು ಕೇಳಬಹುದು. 2020ರ ಜುಲೈಯಲ್ಲಿ ಟ್ವಿಟರ್‌ನ ದೊಡ್ಡ ದೊಡ್ಡ ಖಾತೆಗಳು ವಂಚಕರ ಕೈ ಸೇರಿದ್ದು ಹೇಗೆಂದರೆ, ಅವರು ಮನೆಯಿಂದ ಕೆಲಸ ಮಾಡುತ್ತಿದ್ದ ನೌಕರರಿಗೆ ಫೋನಾಯಿಸಿ, ತಾವು ಹೆಲ್ಪ್‌ಡೆಸ್ಕಿನವರೆಂದೂ ವಿಪಿಎನ್ ತೊಂದರೆ ಸರಿಪಡಿಸುತ್ತೇವೆಂದೂ ನಂಬಿಸಿ, ನಕಲಿ ಪುಟದಲ್ಲಿ ಲಾಗಿನ್ ಮಾಡಿಸಿದರು. ವಿಪಿಎನ್ ದಿನವೂ ಕೈಕೊಡುವ ಮನೆಯಲ್ಲಿ ಅಂಥ ಕರೆ ಬಂದರೆ ಅದು ದೇವರೇ ಕಳಿಸಿದ ಸಹಾಯದಂತೆ ತೋರುತ್ತದೆ. ಕಂಪನಿಯಿಂದ ಬಂದ ಯಾವ ಕರೆಯನ್ನೂ ಅಲ್ಲಿಯೇ ಮುಂದುವರಿಸದೆ, ಇಟ್ಟು, ಮೊದಲೇ ಕೊಟ್ಟಿರುವ ಸಂಖ್ಯೆಗೆ ತಾನೇ ತಿರುಗಿ ಕರೆ ಮಾಡುವ ಪದ್ಧತಿಯನ್ನು ಕಡ್ಡಾಯ ಮಾಡಿ. ಆ ಸಂಖ್ಯೆಯನ್ನು ಕಾಗದದಲ್ಲಿ ಕೊಡಿ, ಮತ್ತು ಅದನ್ನು ಯಾರಾದರೂ ಎತ್ತುವಂತಿರಲಿ. ಕೆಲಸ ಬಿಟ್ಟವರ ಖಾತೆಗಳನ್ನು ಅಂದೇ ಮುಚ್ಚುವುದನ್ನೂ ಮರೆಯಬೇಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ತೈಲ ಸಾಗಾಟವೇ ನಿಂತುಹೋದದ್ದು, ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೆ ಬಿಟ್ಟಿದ್ದ, ಪಾಸ್‌ವರ್ಡ್ ಬಿಟ್ಟು ಎರಡನೆಯ ಪರಿಶೀಲನೆಯಿಲ್ಲದ ಒಂದು ವಿಪಿಎನ್ ಖಾತೆಯ ಮೂಲಕ ದಾಳಿಕೋರರು ಒಳಹೊಕ್ಕದ್ದರಿಂದ.

ಕಾನೂನು ನಿಮಗೆ ಗೊತ್ತಿರುವುದೇ, ಆದರೂ ಹೊಣೆ ಯಾರದೆಂಬ ಪ್ರಶ್ನೆ ಇರುವುದರಿಂದ ಹೇಳುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸಮರ್ಪಕ ಸುರಕ್ಷತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದ್ದು, ಅದು ಬೀಳುವುದು ಮಾಹಿತಿ ಸಂಗ್ರಹಿಸಿದ ಸಂಸ್ಥೆಯ ಮೇಲೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಜಾರಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಇದಕ್ಕೂ ಮೊದಲೇ, 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಹೇಳಿದೆ. ನೌಕರ ಹೆದರಿಕೊಂಡು ಎರಡು ದಿನ ಸುಮ್ಮನಿದ್ದರೆ ಆ ಆರು ಗಂಟೆಗೆ ಅರ್ಥವೇನು ಉಳಿಯಿತು? ತಪ್ಪು ಲಿಂಕ್ ಒತ್ತಿದೆನೆಂದು ತಾನಾಗಿ ಬಂದು ಹೇಳಿದವನಿಗೆ ಶೋಕಾಸ್ ನೋಟಿಸ್ ಕೊಟ್ಟ ಕಂಪನಿಯೊಂದರ ಬಗ್ಗೆ ಇಲ್ಲಿನ ಹುಡುಗರೆಲ್ಲ ಮಾತಾಡಿಕೊಳ್ಳುತ್ತಾರೆ. ಅಲ್ಲಿ ಮುಂದೆ ಯಾರೂ ಬಾಯಿ ಬಿಡಲಾರರು. ಬೇಗ ಹೇಳಿದವರಿಗೆ ಶಿಕ್ಷೆಯಿಲ್ಲ ಎಂದು ಬರೆದುಕೊಡಿ.

ಇದಕ್ಕೆ ಬದಲಾಗಿ ಕೆಲವು ಕಂಪನಿಗಳು ಹಿಡಿದಿರುವುದು ಕಣ್ಗಾವಲಿನ ದಾರಿ: ಕೆಲವು ನಿಮಿಷಗಳಿಗೊಮ್ಮೆ ಪರದೆಯ ಚಿತ್ರ, ವೆಬ್‌ಕ್ಯಾಮ್‌ನಿಂದ ನೌಕರನ ಮುಖದ ಚಿತ್ರ. ಜಗಲಿಯಲ್ಲಿ ಕೂತವನ ಚಿತ್ರ ತೆಗೆದರೆ ಹಿಂದೆ ಮಲಗಿದ ಅಜ್ಜಿಯೂ ಆಡುವ ಮಗುವೂ ಅದರಲ್ಲಿ ಬರುತ್ತಾರೆ. ಅವರು ನಿಮ್ಮ ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ. ಪರದೆಯ ಆ ಲಕ್ಷಾಂತರ ಚಿತ್ರಗಳಲ್ಲಿ ಗ್ರಾಹಕರ ಮಾಹಿತಿಯೆಲ್ಲ ಇನ್ನೊಂದು ಪ್ರತಿಯಾಗಿ ಕೂಡಿಬಿದ್ದು, ಕದಿಯುವವನಿಗೆ ಹೊಸದೊಂದು ಕಣಜವೇ ಸಿದ್ಧವಾಗುತ್ತದೆ. ಯಂತ್ರ ಸುಸ್ಥಿತಿಯಲ್ಲಿದೆಯೇ, ಡಿಸ್ಕಿಗೆ ಬೀಗವಿದೆಯೇ, ಅಪ್‌ಡೇಟ್ ಆಗಿದೆಯೇ, ಅಸಹಜ ಹೊತ್ತಿನಲ್ಲಿ ರಾಶಿಗಟ್ಟಲೆ ಕಡತ ಹೊರಗೆ ಹೋಗುತ್ತಿದೆಯೇ ಎಂಬುದನ್ನು ಗಮನಿಸಿ, ಮನುಷ್ಯರನ್ನು ಬಿಟ್ಟುಬಿಡಿ. ಗೋಕರ್ಣದ ಕಡಲತೀರದ ಕೆಫೆಗಳಲ್ಲಿ ರಜೆಯೂ ಆಯಿತು ಕೆಲಸವೂ ಆಯಿತು ಎಂದು ತಿಂಗಳುಗಟ್ಟಲೆ ಕೂರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಸಾರ್ವಜನಿಕ ವೈಫೈ ಬಿಟ್ಟು ತಮ್ಮದೇ ಮೊಬೈಲ್ ಹಾಟ್‌ಸ್ಪಾಟ್ ಬಳಸಲು ಹೇಳಿ, ಅದರ ಡೇಟಾ ಖರ್ಚು ಕೊಟ್ಟರೆ ಸಾಕು.

ಕೊನೆಯದಾಗಿ ಮಳೆಗಾಲದ ಬಗ್ಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅರಬೈಲ್, ದೇವಿಮನೆ ಘಟ್ಟಗಳಲ್ಲಿ ಮಣ್ಣು ಜರಿದು ರಸ್ತೆ ಬಂದಾಗುವುದು ನಮಗೆ ಹೊಸದಲ್ಲ. ಅಂಥ ದಿನಗಳಲ್ಲಿ ಕೆಟ್ಟ ಲ್ಯಾಪ್‌ಟಾಪಿಗೆ ಬದಲಿ ಕೊರಿಯರ್ ಬರುವುದಿಲ್ಲ, ಬೆಂಗಳೂರಿನ ಕಚೇರಿಗೆ ಬಂದು ಸರಿಮಾಡಿಸಿಕೊಳ್ಳಿ ಎಂಬ ಮಿಂಚಂಚೆಯಂತೂ ಹಾಸ್ಯದಂತೆ ಓದಿಸಿಕೊಳ್ಳುತ್ತದೆ. ನೌಕರ ಗೆಳೆಯನ ಕಂಪ್ಯೂಟರಿಗೋ ಪೇಟೆಯ ಝೆರಾಕ್ಸ್ ಅಂಗಡಿಗೋ ನಿಮ್ಮ ಕಡತ ಒಯ್ಯುವುದು ಇಂಥ ದಿನಗಳಲ್ಲೇ. ಆದ್ದರಿಂದ ಯಂತ್ರ ಕೆಟ್ಟಾಗ, ಸಂಪರ್ಕ ಕಡಿದಾಗ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ, ರಜೆ ಕಡಿತವಿಲ್ಲದೆ ಎಷ್ಟು ದಿನ ಕೆಲಸ ನಿಲ್ಲಿಸಿಡಬಹುದು ಎಂಬುದನ್ನೂ ಈ ಜಿಲ್ಲೆಯ ನಿಮ್ಮ ಪ್ರತಿಯೊಬ್ಬ ನೌಕರರಿಗೂ ಮೇ ತಿಂಗಳು ಮುಗಿಯುವುದರೊಳಗೆ ಲಿಖಿತವಾಗಿ ತಿಳಿಸಬೇಕೆಂದೂ, ಒಂದು ಬದಲಿ ಯಂತ್ರವನ್ನು ಬೀಗ ಹಾಕಿದ ಸ್ಥಿತಿಯಲ್ಲಿ ಶಿರಸಿಯಲ್ಲೋ ಕುಮಟಾದಲ್ಲೋ ಮುಂಚಿತವಾಗಿ ಇರಿಸುವ ವ್ಯವಸ್ಥೆ ಮಾಡಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ರಿಪೇರಿ ಅಂಗಡಿಯವನು, ಶಿರಸಿ